ಬಣ್ಣ ನಂಬುವುದೋ, ಚುಕ್ಕಿ ಎಣಿಸುವುದೋ?

ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಬರುವ ಪೆಥಾಲಜಿ ವರದಿಯಲ್ಲಿ ಎಲ್ಲರ ಕಣ್ಣೂ ಮೂರು ಸಾಲುಗಳನ್ನು ಹುಡುಕುತ್ತದೆ: ಇಆರ್, ಪಿಆರ್, ಹರ್-2. ಮೊದಲ ಎರಡು ಹಾರ್ಮೋನಿಗೆ ಸಂಬಂಧಪಟ್ಟವು. ಪಾಸಿಟಿವೋ ನೆಗೆಟಿವೋ ಎಂದು ಬಹುಪಾಲು ಅಲ್ಲೇ ತೀರ್ಮಾನವಾಗಿರುತ್ತದೆ. ಮೂರನೆಯದರ ಎದುರು ಮಾತ್ರ ಕೆಲವೊಮ್ಮೆ ‘2+, ಈಕ್ವಿವೋಕಲ್, ಫಿಶ್ ಮಾಡಿಸುವುದು’ ಎಂದಿರುತ್ತದೆ. ಹೌದು ಎನ್ನಲಾಗದು, ಇಲ್ಲ ಎನ್ನಲೂ ಆಗದು ಎಂದರ್ಥ. ಗಡ್ಡೆಯ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಇನ್ನೊಂದು ಪ್ರಯೋಗಾಲಯಕ್ಕೆ ಹೋಗಬೇಕು, ಇನ್ನೊಂದು ಬಿಲ್ ಕಟ್ಟಬೇಕು, ಮತ್ತಷ್ಟು ದಿನ ಕಾಯಬೇಕು. ಒಂದೇ ಗಡ್ಡೆಗೆ ಎರಡೆರಡು ಪರೀಕ್ಷೆ ಯಾಕೆ, ಮೊದಲನೆಯದಕ್ಕೆ ಕಾಣದ್ದು ಎರಡನೆಯದಕ್ಕೆ ಹೇಗೆ ಕಾಣುತ್ತದೆ ಎಂದು ಮನೆಯವರು ಕೇಳಿದರೆ, ತುಂಬಿದ ಓಪಿಡಿಯಲ್ಲಿ ವಿವರಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಹರ್-2 ಒಂದು ಜೀನ್. ನಮ್ಮ 17ನೇ ವರ್ಣತಂತುವಿನ ಉದ್ದನೆಯ ತೋಳಿನ ಮೇಲೆ ಅದರ ಜಾಗ. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಪ್ರತಿ ಜೀವಕೋಶದಲ್ಲೂ ಅದರ ಎರಡು ಪ್ರತಿ ಇರುತ್ತವೆ. ಆ ಜೀನ್ ಹೇಳಿದಂತೆ ತಯಾರಾಗುವ ಪ್ರೋಟೀನ್ ಕೋಶದ ಹೊರಪೊರೆಯಲ್ಲಿ ಹೂತು ಕೂತು, ‘ಬೆಳೆ, ಇಬ್ಭಾಗವಾಗು’ ಎಂಬ ಸಂದೇಶವನ್ನು ಒಳಗೆ ದಾಟಿಸುತ್ತದೆ. ಸಾಮಾನ್ಯ ಸ್ತನಕೋಶದ ಪೊರೆಯ ಮೇಲೆ ಇಂಥ ಗ್ರಾಹಕಗಳು ಸುಮಾರು 20,000. ಕೆಲವು ಕ್ಯಾನ್ಸರ್‌ಗಳಲ್ಲಿ ವರ್ಣತಂತುವಿನ ಆ ತುಂಡೊಂದೇ ಮತ್ತೆ ಮತ್ತೆ ನಕಲಾಗುತ್ತದೆ. ಎರಡಿರಬೇಕಾದ ಪ್ರತಿ ಹತ್ತು, ಇಪ್ಪತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ಆಗುತ್ತವೆ. ಪೊರೆಯ ಮೇಲಿನ ಗ್ರಾಹಕಗಳು 20 ಲಕ್ಷದವರೆಗೂ ಏರಬಹುದು. ಇದನ್ನೇ ಜೀನ್ ವರ್ಧನೆ ಎನ್ನುತ್ತಾರೆ. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ ಹದಿನೈದರಿಂದ ಇಪ್ಪತ್ತು ಈ ಬಗೆಯವು. ಇದು ಗಡ್ಡೆಯೊಳಗೆ ಮಾತ್ರ ಆದ ಬದಲಾವಣೆ, ಮಗಳಿಗೆ ಬರುವಂಥದ್ದಲ್ಲ. ವಂಶದಲ್ಲಿ ಹರಿದುಬರುವ ಬಿಆರ್‌ಸಿಎ ಜೀನಿನ ದೋಷದ ಜೊತೆ ಇದನ್ನು ಕಲಸಿಕೊಂಡು ಮನೆಮಂದಿಯೆಲ್ಲ ಕಂಗಾಲಾಗುವುದುಂಟು, ಅದಕ್ಕೇ ಈ ಮಾತು.

ಈ ಜೀನಿನ ಇಲಿ ರೂಪ ಮೊದಲು ಸಿಕ್ಕಿದ್ದು 1980ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ, ಇಲಿಗಳ ನರಗಡ್ಡೆಯಲ್ಲಿ. ಮನುಷ್ಯರ ಹರ್-2 ಜೀನನ್ನು ಜೆನೆನ್‌ಟೆಕ್ ಕಂಪನಿಯಲ್ಲಿದ್ದ ಆಕ್ಸೆಲ್ ಉಲ್‌ರಿಕ್ ತಂಡ 1985ರಲ್ಲಿ ಪ್ರಕಟಿಸಿತು. ಲಾಸ್ ಏಂಜಲಿಸ್‌ನ ವೈದ್ಯ ಡೆನಿಸ್ ಸ್ಲೇಮನ್ ಬಳಿ ಶೀತಲೀಕರಿಸಿಟ್ಟ ಗಡ್ಡೆಗಳ ಸಂಗ್ರಹವಿತ್ತು, ಉಲ್‌ರಿಕ್ ಬಳಿ ಜೀನ್ ಇತ್ತು. ಎರಡೂ ಕೂಡಿ 1987ರ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನವಾಯಿತು: 189 ಸ್ತನ ಗಡ್ಡೆಗಳ ಪೈಕಿ ಶೇ 30ರಲ್ಲಿ ಹರ್-2 ವರ್ಧನೆಯಾಗಿದೆ, ಹಾಗೆ ಆದವರಲ್ಲಿ ರೋಗ ಬೇಗ ಮರುಕಳಿಸುತ್ತದೆ, ಆಯಸ್ಸು ಕಡಿಮೆಯಾಗುತ್ತದೆ.

ಆ 189 ಗಡ್ಡೆಗಳನ್ನು ಪರೀಕ್ಷಿಸಿದ ವಿಧಾನದ ಹೆಸರು ಸದರ್ನ್ ಬ್ಲಾಟ್. ಗಡ್ಡೆಯ ತುಂಡನ್ನು ಅರೆದು ಡಿಎನ್‌ಎ ಬೇರ್ಪಡಿಸಬೇಕು. ಕಿಣ್ವದಿಂದ ಅದನ್ನು ಕತ್ತರಿಸಿ, ಜೆಲ್ ಮೇಲೆ ವಿದ್ಯುತ್ ಹಾಯಿಸಿ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಹರಡಬೇಕು. ಆಮೇಲೆ ಒಂದು ಪೊರೆಗೆ ಇಳಿಸಿ, ವಿಕಿರಣಶೀಲ ಗುರುತು ಹಚ್ಚಿದ ಹರ್-2 ಎಳೆಯನ್ನು ಅದರ ಮೇಲೆ ಬಿಟ್ಟು, ಎಕ್ಸ್‌ರೇ ಫಿಲ್ಮಿನ ಮೇಲೆ ಮೂಡುವ ಪಟ್ಟಿ ಎಷ್ಟು ದಟ್ಟವಾಗಿದೆ ಎಂದು ನೋಡಬೇಕು. ದಿನಗಟ್ಟಲೆ ಕೆಲಸ. ಶೀತಲೀಕರಿಸಿದ ಹಸಿ ಗಡ್ಡೆಯೇ ಬೇಕು. ಆಸ್ಪತ್ರೆಗಳ ಕಪಾಟಿನಲ್ಲಿ ಸಾಲುಗಟ್ಟಿ ಕೂತಿರುವ ಮೇಣದ ಬ್ಲಾಕ್‌ಗಳು ಇದಕ್ಕೆ ಒಗ್ಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕು ಅರೆಯುವುದರಲ್ಲೇ ಇದೆ. ಗಡ್ಡೆ ಎಂದರೆ ಬರೀ ಕ್ಯಾನ್ಸರ್ ಕೋಶಗಳ ಉಂಡೆ ಅಲ್ಲ. ನಾರು, ರಕ್ತನಾಳ, ಕೊಬ್ಬು, ಬಿಳಿರಕ್ತಕಣ ಎಲ್ಲ ಹೆಣೆದುಕೊಂಡ ಮುದ್ದೆ ಅದು. ಆ ಎಲ್ಲ ಸಾಮಾನ್ಯ ಕೋಶಗಳ ಡಿಎನ್‌ಎಯೂ ಸೇರಿದಾಗ ಕ್ಯಾನ್ಸರ್ ಕೋಶದ ಹತ್ತು ಪ್ರತಿ ಸರಾಸರಿಯಲ್ಲಿ ನಾಲ್ಕಾಗಿ, ಮೂರಾಗಿ ಕರಗಿಹೋಗಬಹುದು. ರುಬ್ಬಿದ ಚಟ್ನಿಯ ರುಚಿ ನೋಡಿ ಖಾರ ಎಷ್ಟೆಂದು ಹೇಳಬಹುದು. ಯಾವ ಮೆಣಸಿನಕಾಯಿ ಖಾರವಾಗಿತ್ತು, ಯಾವುದು ಸಪ್ಪೆ ಎಂದು ಹೇಳಲಾಗದು.

ಹರ್-2 ಪರೀಕ್ಷೆಗಳನ್ನು ಹೋಲಿಸುವಾಗ ಬೆಲೆಗಿಂತ, ವೇಗಕ್ಕಿಂತ ಮೊದಲು ಕೇಳಬೇಕಾದ್ದು ಇದೇ: ಕೋಶ ಇದ್ದಲ್ಲೇ ಇದೆಯೋ, ಅರೆದುಹೋಯಿತೋ? ಎರಡನೆಯ ಪ್ರಶ್ನೆ: ಎಣಿಸುತ್ತಿರುವುದು ಜೀನನ್ನೋ, ಪ್ರೋಟೀನನ್ನೋ? ಸದರ್ನ್ ಬ್ಲಾಟ್ ಸಂಶೋಧನಾಲಯ ದಾಟಿ ಆಸ್ಪತ್ರೆಗೆ ಬರಲೇ ಇಲ್ಲ. ಅದರ ಜಾಗಕ್ಕೆ ಬಂದವು ಕೋಶವನ್ನು ಕದಲಿಸದೆ ನೋಡುವ ವಿಧಾನಗಳು.

ಮುನ್ನರಿವಿಗಷ್ಟೇ ಬಳಕೆಯಾಗುತ್ತಿದ್ದ ಪರೀಕ್ಷೆ ಒಮ್ಮೆಲೇ ಜೀವ ಮರಣದ ವಿಷಯವಾದದ್ದು 1998ರ ಸೆಪ್ಟೆಂಬರ್ 25ರಂದು. ಹರ್-2 ಪ್ರೋಟೀನಿಗೆ ಹೊರಗಿನಿಂದ ಅಂಟಿಕೊಳ್ಳುವ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂದು ಒಪ್ಪಿಗೆ ಕೊಟ್ಟಿತು. ಮಾರುಕಟ್ಟೆಯ ಹೆಸರು ಹರ್ಸೆಪ್ಟಿನ್. ಅದೇ ದಿನ ಡಾಕೊ ಕಂಪನಿಯ ಹರ್ಸೆಪ್‌ಟೆಸ್ಟ್ ಎಂಬ ಪರೀಕ್ಷಾ ಕಿಟ್‌ಗೂ ಒಪ್ಪಿಗೆ ಸಿಕ್ಕಿತು. ಯಾರಿಗೆ ಔಷಧ ಕೊಡಬೇಕೆಂದು ಹೇಳುವ ಪರೀಕ್ಷೆ ಔಷಧದ ಜೊತೆಜೊತೆಗೇ ಬಂದದ್ದು ಆಗ ಹೊಸತು. ಮೊದಲಿಗೆ ದೇಹದ ಬೇರೆಡೆ ಹಬ್ಬಿದ ಕ್ಯಾನ್ಸರ್‌ಗೆ ಬಳಕೆಯಾದ ಈ ಔಷಧ, ಶಸ್ತ್ರಚಿಕಿತ್ಸೆಯ ನಂತರದ ಆರಂಭಿಕ ಹಂತದಲ್ಲೂ ರೋಗ ಮರುಕಳಿಸುವುದನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂದು 2005ರ ಪ್ರಯೋಗಗಳು ತೋರಿಸಿದವು. ಆದರೆ ಹರ್-2 ಇಲ್ಲದವರಿಗೆ ಕೊಟ್ಟರೆ ದುಡ್ಡು ದಂಡ, ಜೊತೆಗೆ ಹೃದಯದ ಪಂಪಿಂಗ್ ಕುಗ್ಗುವ ಅಪಾಯ. ಇರುವವರಿಗೆ ಕೊಡದಿದ್ದರೆ ಆಗುವ ನಷ್ಟ ಹೇಳಬೇಕಾಗಿಲ್ಲ. ಪರೀಕ್ಷೆ ಎರಡೂ ಕಡೆ ತಪ್ಪುವಂತಿಲ್ಲ.

ಹರ್ಸೆಪ್‌ಟೆಸ್ಟ್ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ವಿಧಾನದ್ದು. ಲ್ಯಾಬಿನಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ. ಐಎಚ್‌ಸಿ ಅಂದರೆ ಮುಗಿಯಿತು. ಮೇಣದ ಬ್ಲಾಕ್‌ನಿಂದ ನಾಲ್ಕೈದು ಮೈಕ್ರಾನ್ ದಪ್ಪದ ಪದರ ಹೆರೆದು ಗಾಜಿನ ಸ್ಲೈಡಿಗೆ ಅಂಟಿಸುತ್ತಾರೆ. ಹರ್-2 ಪ್ರೋಟೀನನ್ನೇ ಹುಡುಕಿ ಹಿಡಿಯುವ ಪ್ರತಿಕಾಯ ಅದರ ಮೇಲೆ ಬೀಳುತ್ತದೆ. ಪ್ರತಿಕಾಯ ಅಂಟಿದಲ್ಲೆಲ್ಲ ಕಂದು ಬಣ್ಣ ಬರುವ ಹಾಗೆ ಮತ್ತೊಂದು ರಾಸಾಯನಿಕ ಹಂತವಿರುತ್ತದೆ. ಪೆಥಾಲಜಿಸ್ಟ್ ನೋಡುವುದು ಪೊರೆಯನ್ನು. ಶೇ 10ಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳ ಸುತ್ತ ಪೂರ್ತಿಯಾಗಿ, ಗಾಢವಾಗಿ ಕಂದು ರೇಖೆ ಇದ್ದರೆ 3+, ಅಂದರೆ ಪಾಸಿಟಿವ್. ಏನೂ ಇಲ್ಲದಿದ್ದರೆ, ಅಥವಾ ಶೇ 10ರವರೆಗಿನ ಕೋಶಗಳಲ್ಲಿ ಕಂಡೂ ಕಾಣದಷ್ಟೇ ಇದ್ದರೆ 0. ಅಂಥ ಮಸುಕು, ಅರೆಬರೆ ರೇಖೆ ಶೇ 10ಕ್ಕಿಂತ ಹೆಚ್ಚು ಕೋಶಗಳಲ್ಲಿದ್ದರೆ 1+. ಇವೆರಡೂ ನೆಗೆಟಿವ್. ಸುತ್ತ ಪೂರ್ತಿ ಇದೆ, ಆದರೆ ಬಣ್ಣ ತಿಳಿ ಅಥವಾ ಸಾಧಾರಣ ಎಂದರೆ 2+. ಇದೇ ಆ ನಡುವಿನ ಜಾಗ.

ಐಎಚ್‌ಸಿ ಅಗ್ಗ, ಒಂದು ದಿನದಲ್ಲಿ ಮುಗಿಯುತ್ತದೆ, ಸಾಮಾನ್ಯ ಸೂಕ್ಷ್ಮದರ್ಶಕ ಸಾಕು. 3+ ಎಂದರೆ ದೂರದಿಂದಲೇ ಗುರುತಿಸುವಷ್ಟು ಸ್ಪಷ್ಟವಾಗಿರುತ್ತದೆ. ಹೊಸಬರೂ ತಪ್ಪುವುದು ಕಡಿಮೆ. ಆದರೆ ‘ತಿಳಿ’, ‘ಸಾಧಾರಣ’, ‘ಗಾಢ’ ಇವು ನೋಡುವವರ ಕಣ್ಣಿಗೆ ಬಿಟ್ಟ ಮಾತುಗಳು. ಬಣ್ಣದ ಗಾಢತೆ ಪ್ರೋಟೀನಿನ ಪ್ರಮಾಣದ ಜೊತೆಗೆ, ಆ ದಿನ ಸ್ಲೈಡನ್ನು ಎಷ್ಟು ಹೊತ್ತು ಬಿಸಿ ದ್ರಾವಣದಲ್ಲಿಟ್ಟರು, ಯಾವ ಪ್ರತಿಕಾಯ ಬಳಸಿದರು ಎಂಬುದನ್ನೂ ಅವಲಂಬಿಸಿದೆ. ಔಷಧದ ಮೊದಲ ಪ್ರಯೋಗಕ್ಕೆ 2+ ಮತ್ತು 3+ ಎರಡೂ ಬಗೆಯ ರೋಗಿಗಳನ್ನು ಸೇರಿಸಿಕೊಂಡಿದ್ದರು. ಆ ಸ್ಲೈಡ್‌ಗಳನ್ನೇ ಆಮೇಲೆ ಜೀನ್ ಎಣಿಸಿ ನೋಡಿದಾಗ 3+ ಇದ್ದವರಲ್ಲಿ ನೂರಕ್ಕೆ 89 ಮಂದಿಗೆ ವರ್ಧನೆ ಇತ್ತು. 2+ ಇದ್ದವರಲ್ಲಿ 24 ಮಂದಿಗಷ್ಟೇ. ಔಷಧದ ಫಲವೂ ಬಹುತೇಕ ವರ್ಧನೆ ಇದ್ದವರಿಗೇ ದಕ್ಕಿತ್ತು.

ಇನ್ನೂ ಕಹಿಯಾದ ಸುದ್ದಿ 2002ರಲ್ಲಿ ಬಂತು. ಅಮೆರಿಕದಲ್ಲಿ ನಡೆಯುತ್ತಿದ್ದ ಎರಡು ದೊಡ್ಡ ಪ್ರಯೋಗಗಳಿಗೆ ಊರೂರಿನ ಆಸ್ಪತ್ರೆಗಳು ‘ಪಾಸಿಟಿವ್’ ಎಂದು ಕಳಿಸಿದ ಗಡ್ಡೆಗಳನ್ನು ಕೇಂದ್ರ ಪ್ರಯೋಗಾಲಯದಲ್ಲಿ ಮರುಪರೀಕ್ಷಿಸಲಾಯಿತು. ಒಂದರಲ್ಲಿ ಶೇ 18, ಇನ್ನೊಂದರಲ್ಲಿ ಸುಮಾರು ಕಾಲುಭಾಗ ಹೊಂದಾಣಿಕೆಯಾಗಲಿಲ್ಲ. ದಿನವೂ ಹತ್ತಾರು ಸ್ಲೈಡ್ ನೋಡುವ ದೊಡ್ಡ ಲ್ಯಾಬುಗಳಲ್ಲಿ ತಪ್ಪು ಕಡಿಮೆ, ಅಪರೂಪಕ್ಕೊಮ್ಮೆ ಮಾಡುವ ಸಣ್ಣ ಲ್ಯಾಬುಗಳಲ್ಲಿ ಹೆಚ್ಚು. ಕಿಟ್ ಒಳ್ಳೆಯದಿದ್ದರೆ ಸಾಲದು, ಕೈ ಪಳಗಿರಬೇಕು. ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೂ ಪೆಥಾಲಜಿಸ್ಟ್‌ಗಳ ಕಾಲೇಜೂ ಸೇರಿ 2007ರಲ್ಲಿ ಮೊದಲ ಮಾರ್ಗಸೂಚಿ ಹೊರಡಿಸಿದಾಗ, ಹರ್-2 ಪರೀಕ್ಷೆಗಳಲ್ಲಿ ಐದಕ್ಕೊಂದು ತಪ್ಪಾಗಿರಬಹುದು ಎಂದು ಅದರಲ್ಲೇ ಒಪ್ಪಿಕೊಂಡರು.

ಹೀಗಾಗಿ ಅನುಮಾನ ಬಂದಲ್ಲಿ ಕೊನೆಯ ಮಾತು ಫಿಶ್‌ನದ್ದಾಯಿತು. ಮೀನಿಗೂ ಇದಕ್ಕೂ ಸಂಬಂಧವಿಲ್ಲ. ಪ್ರತಿದೀಪ್ತಿ ಬಳಸಿ, ಕೋಶ ಇದ್ದಲ್ಲಿಯೇ ಜೀನ್ ಹುಡುಕುವ ವಿಧಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು. ಸ್ಲೈಡಿನ ಮೇಲಿನ ಪದರಕ್ಕೆ ಮೊದಲು ಕಿಣ್ವ ಹಾಕಿ ಪ್ರೋಟೀನಿನ ಬಲೆಯನ್ನು ಸಡಿಲಿಸುತ್ತಾರೆ. ಕಡಿಮೆಯಾದರೆ ಒಳಗೆ ಏನೂ ನುಸುಳದು, ಹೆಚ್ಚಾದರೆ ಕೋಶಕೇಂದ್ರವೇ ಕರಗಿಹೋಗುತ್ತದೆ. ಟೆಕ್ನಿಷಿಯನ್‌ಗಳ ಅನುಭವಕ್ಕೆ ಬೆಲೆ ಬರುವುದು ಇಲ್ಲೇ. ಆಮೇಲೆ 70 ಡಿಗ್ರಿ ದಾಟಿದ ಬಿಸಿಯಲ್ಲಿ ಡಿಎನ್‌ಎಯ ಜೋಡಿ ಎಳೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಎಳೆಗೆ ಎರಡು ಬಗೆಯ ‘ಪ್ರೋಬ್’, ಅಂದರೆ ಹೊಳೆಯುವ ಬಣ್ಣ ಕಟ್ಟಿದ ಡಿಎನ್‌ಎ ತುಣುಕು, ಹೋಗಿ ಕೂರಬೇಕು: ಹರ್-2 ಜೀನಿಗೆ ಕಿತ್ತಳೆ, 17ನೇ ವರ್ಣತಂತುವಿನ ನಡುಗಂಟಿಗೆ ಹಸಿರು. 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ತೊಳೆದು, ಕೋಶಕೇಂದ್ರಕ್ಕೆ ನೀಲಿ ಹಚ್ಚಿ, ಕತ್ತಲೆ ಕೋಣೆಯಲ್ಲಿ ವಿಶೇಷ ಸೂಕ್ಷ್ಮದರ್ಶಕದಡಿ ಇಟ್ಟರೆ ನೀಲಿ ದುಂಡಗಿನೊಳಗೆ ಕಿತ್ತಳೆ, ಹಸಿರು ಚುಕ್ಕಿಗಳು ಮೂಡುತ್ತವೆ. ವರ್ಧನೆ ಜೋರಾಗಿದ್ದರೆ ಕಿತ್ತಳೆ ಚುಕ್ಕಿಗಳು ಗೊಂಚಲುಗೊಂಚಲಾಗಿ ಹಬ್ಬಿರುತ್ತವೆ. ಅಂಥದ್ದಕ್ಕೆ ಲೆಕ್ಕವೇ ಬೇಡ.

ಲೆಕ್ಕ ಬೇಕಾಗುವುದು ಅಂಚಿನ ಗಡ್ಡೆಗಳಿಗೆ. ಕನಿಷ್ಠ 20 ಕೋಶಕೇಂದ್ರಗಳಲ್ಲಿ ಎರಡೂ ಬಣ್ಣದ ಚುಕ್ಕಿಗಳನ್ನು ಎಣಿಸುತ್ತಾರೆ. 20 ಕೋಶಗಳಲ್ಲಿ ಕಿತ್ತಳೆ 108, ಹಸಿರು 46 ಸಿಕ್ಕವೆನ್ನಿ. ಕೋಶವೊಂದಕ್ಕೆ ಹರ್-2 ಸರಾಸರಿ 5.4, ವರ್ಣತಂತು 2.3, ಅನುಪಾತ 2.35. ಅನುಪಾತ 2.0 ಅಥವಾ ಹೆಚ್ಚು, ಹರ್-2 ಸರಾಸರಿ 4.0 ಅಥವಾ ಹೆಚ್ಚು; ಎರಡೂ ಇರುವುದರಿಂದ ಇದು ಪಾಸಿಟಿವ್. ಈಗ ಇನ್ನೊಂದು ಗಡ್ಡೆ: ಕಿತ್ತಳೆ ಅದೇ 108, ಹಸಿರು ಮಾತ್ರ 58. ಅನುಪಾತ 1.86ಕ್ಕೆ ಇಳಿಯಿತು. ಹರ್-2 ಪ್ರತಿಗಳು ಅಷ್ಟೇ ಇವೆ, ವರ್ಣತಂತುವಿನ ಗುರುತು ತುಸು ಹೆಚ್ಚಿದೆ, ಅಷ್ಟೇ. 2013ರ ಮಾರ್ಗಸೂಚಿ ಇಂಥದ್ದನ್ನು ‘ಹೇಳಲಾಗದು’ ಎನ್ನುತ್ತಿತ್ತು. 2018ರದ್ದು, ಐಎಚ್‌ಸಿ ಜೊತೆ ತಾಳೆ ನೋಡಿ, 2+ ಇದ್ದರೆ ಇನ್ನೊಬ್ಬರಿಂದ ಎಣಿಸಿ, ಆಗಲೂ ಹಾಗೇ ಬಂದರೆ ನೆಗೆಟಿವ್ ಎನ್ನುತ್ತದೆ.

ಅನುಪಾತ ಯಾಕೆ ಬೇಕಾಯಿತು? ಎರಡು ಕಾರಣ. ಕೋಶಕೇಂದ್ರದ ಅಡ್ಡಳತೆ ಹತ್ತು ಮೈಕ್ರಾನಿನ ಆಸುಪಾಸು. ನಾವು ಹೆರೆದ ಪದರ ನಾಲ್ಕೈದು ಮೈಕ್ರಾನ್. ಸ್ಲೈಡಿನಲ್ಲಿರುವುದು ಇಡೀ ಕೋಶಕೇಂದ್ರವಲ್ಲ, ಅದರ ಹೋಳು. ಕೆಲವು ಚುಕ್ಕಿಗಳು ಕತ್ತರಿಸಿಕೊಂಡು ಪಕ್ಕದ ಪದರಕ್ಕೆ ಹೋಗಿರುತ್ತವೆ. ಕಿತ್ತಳೆಯೂ ಹಸಿರೂ ಒಂದೇ ಪ್ರಮಾಣದಲ್ಲಿ ಕಳೆದುಹೋಗುವುದರಿಂದ ಅನುಪಾತ ಕೆಡುವುದಿಲ್ಲ. ಎರಡನೆಯದು, ಇಡೀ 17ನೇ ವರ್ಣತಂತುವೇ ಮೂರು ನಾಲ್ಕಾಗಿದ್ದರೆ ಹರ್-2 ಸಂಖ್ಯೆಯೂ ಏರುತ್ತದೆ. ಅದು ಜೀನ್ ವರ್ಧನೆ ಅಲ್ಲ. ಆದರೆ ಈ ಜಾಣತನಕ್ಕೂ ತೂತಿದೆ. ವರ್ಣತಂತು ಪೂರ್ತಿ ಹೆಚ್ಚುವುದು ಅಪರೂಪ; ಎಷ್ಟೋ ಗಡ್ಡೆಗಳಲ್ಲಿ ನಡುಗಂಟು ಕೂಡ ಹರ್-2 ಜೊತೆಗೇ ನಕಲಾಗಿರುತ್ತದೆ ಎಂದು ಆಮೇಲೆ ಗೊತ್ತಾಯಿತು. ಆಗ ಹಸಿರೂ ಏರಿ, ನಿಜವಾದ ವರ್ಧನೆ ಅನುಪಾತದಲ್ಲಿ ಮುಚ್ಚಿಹೋಗುತ್ತದೆ. ತಿರುಗುಮುರುಗಾಗಿ, ಹಸಿರು ಚುಕ್ಕಿ ಕಳೆದುಹೋದ ಗಡ್ಡೆಯಲ್ಲಿ ಹರ್-2 ಬರೀ 2.6, ವರ್ಣತಂತು 1.2 ಇದ್ದರೂ ಅನುಪಾತ 2 ದಾಟಿಬಿಡುತ್ತದೆ! 2013ರಲ್ಲಿ ಇದನ್ನು ಪಾಸಿಟಿವ್ ಎಂದೇ ಬರೆಯುತ್ತಿದ್ದರು. 2018ರಿಂದ ಐಎಚ್‌ಸಿ 3+ ಇಲ್ಲದಿದ್ದರೆ ನೆಗೆಟಿವ್. ಇನ್ನೂ ಹಿಂದೆ, 2007ರಲ್ಲಿ, ಪಾಸಿಟಿವ್ ಎನ್ನಲು ಅನುಪಾತ 2.2 ದಾಟಬೇಕಿತ್ತು. ಅದೇ ಸ್ಲೈಡ್, ಅದೇ ಚುಕ್ಕಿಗಳು. ಇಸವಿ ಬದಲಾದರೆ ಉತ್ತರವೂ ಬದಲು.

ಇದನ್ನು ಕೇಳಿ ಯಾರಿಗಾದರೂ ಸಿಟ್ಟು ಬಂದರೆ ತಪ್ಪಲ್ಲ. ಆದರೆ ಗಡಿ ಎಳೆಯುವವರ ಕಷ್ಟವೂ ಸುಳ್ಳಲ್ಲ. ಬಹುಪಾಲು ಗಡ್ಡೆಗಳು ಈ ಗಡಿಯಿಂದ ಬಲು ದೂರ, ಈಚೆಗೋ ಆಚೆಗೋ ಇರುತ್ತವೆ. ಜಗಳವೆಲ್ಲ ನಡುವಿನ ಕೆಲವೇ ಗಡ್ಡೆಗಳದ್ದು. ಆ ಕೆಲವರಿಗೆ ಔಷಧ ಕೊಟ್ಟರೆ ಫಲ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವಷ್ಟು ರೋಗಿಗಳು ಯಾವ ಪ್ರಯೋಗದಲ್ಲೂ ಇರಲಿಲ್ಲ. ಫಿಶ್‌ಗೆ ‘ಚಿನ್ನದ ಮಾನದಂಡ’ ಎಂಬ ಬಿರುದು ಕೊಟ್ಟವರು ಈ ನಡುವಿನ ಗಡ್ಡೆಗಳನ್ನು ಮರೆತಿದ್ದರು ಎಂದು ನನ್ನ ಭಾವನೆ. ಫಿಶ್ ಚೆನ್ನಾಗಿ ಎಣಿಸುತ್ತದೆ. ಎಷ್ಟಾದರೆ ಸಾಕು ಎಂಬುದನ್ನು ಅದು ಹೇಳುವುದಿಲ್ಲ.

ಫಿಶ್‌ಗೆ ಬೇರೆ ತೊಂದರೆಗಳೂ ಇವೆ. ಸಲಕರಣೆ ದುಬಾರಿ. ಹೊಳಪು ವಾರಗಳಲ್ಲಿ ಮಸುಕಾಗುವುದರಿಂದ ಮುಂದೆಂದೋ ತೆಗೆದು ನೋಡುತ್ತೇನೆ ಎಂದರೆ ಸ್ಲೈಡ್ ಖಾಲಿ. ಎಲ್ಲವೂ ನೀಲಿ ಉರುಟುಗಳಾಗಿ ಕಾಣುವ ಕತ್ತಲೆಯಲ್ಲಿ, ಹರಡುವ ಸ್ವಭಾವದ ಕ್ಯಾನ್ಸರ್ ಕೋಶ ಯಾವುದು, ಇನ್ನೂ ಹಾಲುನಾಳದೊಳಗೇ ಇರುವ ಆರಂಭದ ಕ್ಯಾನ್ಸರ್ ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ಎಣಿಸಬೇಕಾದ್ದು ಮೊದಲನೆಯದನ್ನು, ನಾಳದೊಳಗಿನದರಲ್ಲಿ ಹರ್-2 ವರ್ಧನೆ ಹೆಚ್ಚಾಗಿ ಕಾಣುವುದರಿಂದ ಅಲ್ಲಿ ಎಣಿಸಿದರೆ ಲೆಕ್ಕ ದಾರಿ ತಪ್ಪುತ್ತದೆ.

ಈ ಕತ್ತಲೆಯಿಂದ ಹೊರಬರಲು ಫಿನ್‌ಲೆಂಡಿನ ಸಂಶೋಧಕರು 2000ದಲ್ಲಿ ಒಂದು ಸರಳ ಉಪಾಯ ಮುಂದಿಟ್ಟರು. ಪ್ರೋಬ್ ಅದೇ ರೀತಿಯದು; ಹೊಳೆಯುವ ಬಣ್ಣದ ಬದಲು ಐಎಚ್‌ಸಿಯ ಕಂದು ಬಣ್ಣ. ಇದು ಸಿಶ್. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ, ಅಂಗಾಂಶದ ಆಕಾರವೆಲ್ಲ ಕಾಣುತ್ತಿರುವಾಗಲೇ, ಕೋಶಕೇಂದ್ರದೊಳಗೆ ಕಂದು ಚುಕ್ಕಿಗಳನ್ನು ಎಣಿಸಬಹುದು. ಸ್ಲೈಡನ್ನು ವರ್ಷಗಟ್ಟಲೆ ಇಡಬಹುದು. ಮೊದಲ ಸಿಶ್‌ನಲ್ಲಿ ಒಂದೇ ಬಣ್ಣವಿದ್ದುದರಿಂದ ಅನುಪಾತ ಸಿಗುತ್ತಿರಲಿಲ್ಲ. ಆಮೇಲೆ ಬಂದ ಎರಡು ಬಣ್ಣದ ವಿಧಾನದಲ್ಲಿ ಹರ್-2 ಬೆಳ್ಳಿಯ ಕಪ್ಪು ಚುಕ್ಕಿ, ವರ್ಣತಂತು ಕೆಂಪು ಚುಕ್ಕಿ; ಬಣ್ಣ ಹಚ್ಚುವ ಕೆಲಸ ಪೂರ್ತಿ ಯಂತ್ರದ್ದು. ಇದಕ್ಕೆ ಎಫ್‌ಡಿಎ ಒಪ್ಪಿಗೆ ಬಂದದ್ದು 2011ರಲ್ಲಿ. ಸ್ಪಷ್ಟ ಪಾಸಿಟಿವ್, ಸ್ಪಷ್ಟ ನೆಗೆಟಿವ್ ಗಡ್ಡೆಗಳಲ್ಲಿ ಇವು ಫಿಶ್ ಹೇಳಿದ್ದನ್ನೇ ಹೇಳುತ್ತವೆ. ಅಂಚಿನ ಗಡ್ಡೆಗಳಲ್ಲಿ ಚುಕ್ಕಿಗಳು ಒಂದಕ್ಕೊಂದು ಅಂಟಿ ಬೊಟ್ಟಾದಾಗ ಅದು ಮೂರೋ ಆರೋ ಎಂದು ಅಂದಾಜು ಮಾಡಬೇಕಾಗುತ್ತದೆ. ಫಿಶ್ ಸೂಕ್ಷ್ಮದರ್ಶಕ ಇಲ್ಲದ ಊರಿನ ಆಸ್ಪತ್ರೆಗೆ, ನನ್ನ ಮಟ್ಟಿಗೆ, ಬ್ಲಾಕನ್ನು ಕೊರಿಯರ್ ಮಾಡುವುದಕ್ಕಿಂತ ಇದೇ ಹೆಚ್ಚು ವಿವೇಕದ ದಾರಿ.

ಇಷ್ಟರ ನಡುವೆ ಅರೆಯುವ ವಿಧಾನ ಹೊಸ ವೇಷದಲ್ಲಿ ಮರಳಿ ಬಂದಿದೆ. ಪಿಸಿಆರ್, ಎಂಎಲ್‌ಪಿಎ, ಇತ್ತೀಚಿನ ಎನ್‌ಜಿಎಸ್ ಇವೆಲ್ಲ ಡಿಎನ್‌ಎ ಅಥವಾ ಆರ್‌ಎನ್‌ಎ ಹೊರತೆಗೆದು ಅಳೆಯುತ್ತವೆ. ಕಣ್ಣಂದಾಜಿಲ್ಲ, ಯಂತ್ರವೇ ಅಂಕಿ ಕೊಡುತ್ತದೆ, ಒಂದೇ ಸಲಕ್ಕೆ ಹತ್ತಾರು ಜೀನ್ ನೋಡಬಹುದು. ಆದರೆ ಸದರ್ನ್ ಬ್ಲಾಟಿನ ಹಳೆಯ ರೋಗ ಬಿಟ್ಟಿಲ್ಲ. ಸ್ತನ ಕ್ಯಾನ್ಸರ್ ಮರುಕಳಿಸುವ ಸಾಧ್ಯತೆ ಲೆಕ್ಕಹಾಕಲು 21 ಜೀನ್‌ಗಳ ಆರ್‌ಎನ್‌ಎ ಅಳೆಯುವ ಹೆಸರಾಂತ ಪರೀಕ್ಷೆಯೊಂದು ಹರ್-2 ಅಂಕಿಯನ್ನೂ ಕೊಡುತ್ತದೆ. ಫಿಶ್‌ನಲ್ಲಿ ಪಾಸಿಟಿವ್ ಆಗಿದ್ದ 36 ಗಡ್ಡೆಗಳಲ್ಲಿ ಅದು ಪಾಸಿಟಿವ್ ಎಂದದ್ದು ಬರೀ 10ನ್ನು ಎಂದು 2011ರಲ್ಲಿ ಅಮೆರಿಕದ ಮೂರು ಪ್ರಯೋಗಾಲಯಗಳು ವರದಿ ಮಾಡಿದವು. ಗಡ್ಡೆಯ ಒಂದು ಮೂಲೆಯಲ್ಲಿ ಮಾತ್ರ ವರ್ಧನೆ ಇದ್ದು, ಉಳಿದೆಡೆ ಇಲ್ಲದಿರುವ ಪ್ರಸಂಗಗಳೂ ಇವೆ. ಸ್ಲೈಡ್ ನೋಡುವವರಿಗೆ ಆ ಮೂಲೆ ಕಾಣುತ್ತದೆ. ಅರೆದ ದ್ರಾವಣದಲ್ಲಿ ಮೂಲೆ ಎಲ್ಲಿಂದ ಬರಬೇಕು?

ವಿಧಾನಗಳ ಜಗಳದಲ್ಲಿ ಯಾರ ಗಮನಕ್ಕೂ ಬಾರದ ಒಂದು ವಸ್ತುವಿದೆ: ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ಬಾಟಲಿ. ಗಡ್ಡೆ ದೇಹದಿಂದ ಹೊರಬಂದ ಗಂಟೆಯೊಳಗೆ ಬಫರ್ ಸೇರಿಸಿದ ಶೇ 10ರ ಫಾರ್ಮಲಿನ್‌ಗೆ ಬೀಳಬೇಕು. ಅಲ್ಲಿ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಇರಬೇಕು. ಅದು ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ. ಇಡೀ ಸ್ತನವನ್ನು ತೆಗೆದು, ಹೋಳು ಮಾಡದೆ ಹಾಗೇ ಬಕೆಟ್‌ಗೆ ಹಾಕಿದರೆ ನಡುವಿನ ಗಡ್ಡೆಗೆ ಫಾರ್ಮಲಿನ್ ಮುಟ್ಟುವಷ್ಟರಲ್ಲಿ ಪ್ರೋಟೀನೂ ಡಿಎನ್‌ಎಯೂ ಹಾಳಾಗತೊಡಗಿರುತ್ತವೆ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಶನಿವಾರ ಸಂಜೆ ಆಪರೇಷನ್ ಆಗಿ, ಇಕ್ಕಟ್ಟಾದ ಡಬ್ಬಿಯಲ್ಲಿ ಅರ್ಧ ಮುಳುಗಿದ ತುಂಡು ಸೋಮವಾರ ಪೇಟೆಯ ಲ್ಯಾಬಿಗೆ ತಲುಪಿದರೆ, ಎಷ್ಟು ದುಬಾರಿ ಪ್ರೋಬ್ ಹಾಕಿದರೂ ಕತ್ತಲೆ ಕತ್ತಲೆಯೇ. ಮೂಳೆಗೆ ಹಬ್ಬಿದ ಕ್ಯಾನ್ಸರ್‌ನ ತುಂಡನ್ನು ಮೆದು ಮಾಡಲು ಪ್ರಬಲ ಆಮ್ಲದಲ್ಲಿ ನೆನೆಸಿದರೂ ಅಷ್ಟೇ, ಡಿಎನ್‌ಎ ಚೂರಾಗುತ್ತದೆ. ಸುತ್ತಮುತ್ತಲ ಸಾಮಾನ್ಯ ಕೋಶಗಳಲ್ಲೂ ಎರಡೆರಡು ಚುಕ್ಕಿ ಕಾಣದಿದ್ದರೆ ಪ್ರಾಮಾಣಿಕ ಲ್ಯಾಬು ‘ನೆಗೆಟಿವ್’ ಎಂದು ಬರೆಯುವುದಿಲ್ಲ, ‘ಪರೀಕ್ಷೆ ವಿಫಲ’ ಎಂದು ಬರೆಯುತ್ತದೆ. ಎರಡರ ನಡುವೆ ಅಜಗಜಾಂತರ.

ಭಾರತದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತದೆ. ಟ್ರಾಸ್ಟುಜುಮಾಬ್ ಎಂದರೆ ಮೊದಲೆಲ್ಲ ನಮ್ಮಲ್ಲಿ ಹೆಸರು ಕೇಳಿ ಬಿಡಬೇಕಾದ ಔಷಧವಾಗಿತ್ತು. ಔಷಧವೇ ಕೈಗೆಟುಕದಾಗ ಫಿಶ್ ಯಾಕೆ ಮಾಡಿಸುವುದು ಎಂದು ಎಷ್ಟೋ ಕಡೆ 2+ಗೆ ಅಲ್ಲೇ ಫೈಲ್ ಮುಚ್ಚುತ್ತಿತ್ತು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಕ್ಯಾನ್‌ಮ್ಯಾಬ್ ಹೆಸರಿನಲ್ಲಿ ಇದರ ಬಯೋಸಿಮಿಲರ್, ಅಂದರೆ ಮೂಲ ಔಷಧವನ್ನು ಹೋಲುವ ಆವೃತ್ತಿ, ಬಿಡುಗಡೆ ಮಾಡಿದ ಮೇಲೆ, ಬೇರೆ ಕಂಪನಿಗಳೂ ಬಂದು ಬೆಲೆ ಇಳಿಯಿತು. ಬಯೋಕಾನ್ ಮತ್ತು ಮೈಲಾನ್ ಸೇರಿ ತಯಾರಿಸಿದ ಆವೃತ್ತಿಗೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ಅಲ್ಲಿನ ಮೊದಲ ಟ್ರಾಸ್ಟುಜುಮಾಬ್ ಬಯೋಸಿಮಿಲರ್ ಅದು. ಔಷಧ ಅಗ್ಗವಾದಂತೆ ‘ಫಿಶ್ ಯಾಕೆ’ ಎಂಬ ಪ್ರಶ್ನೆಗೆ ಅರ್ಥ ಉಳಿಯಲಿಲ್ಲ.

ಇಷ್ಟೆಲ್ಲ ನೆಲೆಗೊಳ್ಳುತ್ತಿರುವಾಗ 2022ರ ಜೂನ್‌ನಲ್ಲಿ ಷಿಕಾಗೊದ ಕ್ಯಾನ್ಸರ್ ಸಮಾವೇಶದಲ್ಲಿ ಒಂದು ಫಲಿತಾಂಶ ಓದಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಟ್ರಾಸ್ಟುಜುಮಾಬ್‌ಗೆ ಕೀಮೋ ಔಷಧದ ಕಣಗಳನ್ನು ಪೋಣಿಸಿದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್, ಹರ್-2 ವರ್ಧನೆ ಇಲ್ಲದವರಲ್ಲೂ ಕೆಲಸ ಮಾಡಿತ್ತು. ಐಎಚ್‌ಸಿ 1+ ಇದ್ದವರು, ಅಥವಾ 2+ ಇದ್ದು ಫಿಶ್‌ನಲ್ಲಿ ನೆಗೆಟಿವ್ ಬಂದವರು. ಅದುವರೆಗೆ ಹರ್-2 ಔಷಧಗಳು ನಿಮಗಲ್ಲ ಎಂದು ಹೇಳಿಸಿಕೊಂಡಿದ್ದ ಮಹಿಳೆಯರು. ಹಬ್ಬಿದ ಕ್ಯಾನ್ಸರ್ ಇದ್ದ ಅವರಲ್ಲಿ ಬದುಕಿನ ಮಧ್ಯಕ ಅವಧಿ ಸಾಮಾನ್ಯ ಕೀಮೋದಲ್ಲಿ 16.8 ತಿಂಗಳಿದ್ದರೆ, ಹೊಸ ಔಷಧದಲ್ಲಿ 23.4 ತಿಂಗಳು. ಪೊರೆಯ ಮೇಲೆ ಹರ್-2 ಒಂದಿಷ್ಟು ಇದ್ದರೂ ಪ್ರತಿಕಾಯ ಅದನ್ನು ಹಿಡಿದು ಒಳಸೇರುತ್ತದೆ, ಅಲ್ಲಿ ಕೀಮೋ ಬಿಡುಗಡೆಯಾಗಿ ಆ ಕೋಶವನ್ನೂ ಪಕ್ಕದ್ದನ್ನೂ ಕೊಲ್ಲುತ್ತದೆ. ಇಂಥ ‘ಹರ್-2 ಲೋ’ ಗಡ್ಡೆಗಳು ಎಲ್ಲ ಸ್ತನ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕೂ ಹೆಚ್ಚು.

ಇಲ್ಲಿ ಫಿಶ್‌ಗೆ ಮಾತಿಲ್ಲ. ಈ ಗಡ್ಡೆಗಳಲ್ಲಿ ಜೀನಿನ ಪ್ರತಿಗಳು ಹೆಚ್ಚಾಗಿಲ್ಲ. ಎಷ್ಟು ನಿಖರವಾಗಿ ಎಣಿಸಿದರೂ ಅದು 0ಯನ್ನೂ 1+ನ್ನೂ ಬೇರ್ಪಡಿಸಲಾರದು. ತೀರ್ಮಾನ ಮರಳಿ ಐಎಚ್‌ಸಿಯ ಕೈಗೆ ಬಂದಿದೆ, ಅದೂ ಅದರ ಅತಿ ದುರ್ಬಲ ಜಾಗದಲ್ಲಿ. 3+ ಗುರುತಿಸಲೆಂದು ರೂಪಿಸಿದ ಪರೀಕ್ಷೆ ಅದು. ಮಸುಕಿನಲ್ಲಿ ಮಸುಕನ್ನು ಬೇರೆ ಮಾಡಲೆಂದಲ್ಲ. ಅದೇ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 18 ಪೆಥಾಲಜಿಸ್ಟ್‌ಗಳಿಗೆ ಒಂದೇ ಸ್ಲೈಡ್‌ಗಳನ್ನು ತೋರಿಸಿದಾಗ, 0 ಮತ್ತು 1+ ನಡುವೆ ಸಹಮತ ಸಿಕ್ಕಿದ್ದು ಶೇ 26ರಷ್ಟು ಮಾತ್ರ. 2024ರಲ್ಲಿ ಇನ್ನೂ ಕೆಳಗಿಳಿದು, ಶೇ 10ಕ್ಕೂ ಕಡಿಮೆ ಕೋಶಗಳಲ್ಲಿ ಕಂಡೂ ಕಾಣದಂತಿರುವ ‘ಅಲ್ಟ್ರಾಲೋ’ ಗುಂಪಿಗೂ ಔಷಧ ಫಲ ಕೊಡುವಂತಿದೆ ಎಂಬ ಫಲಿತಾಂಶ ಬಂತು. 0 ಎಂದು ಬರೆದಿಟ್ಟ ಗಡ್ಡೆಗಳೊಳಗೂ ಈಗ ಎರಡು ಬಗೆ.

2023ರ ಮಾರ್ಗಸೂಚಿ ‘ಲೋ’ ಎಂಬ ಹೊಸ ವರ್ಗವನ್ನು ಒಪ್ಪಲಿಲ್ಲ. ಆದರೆ 0ಯೋ 1+ಓ ಎಂಬ ಅನುಮಾನವಿದ್ದರೆ 40 ಪಟ್ಟಿನ ಲೆನ್ಸಿನಲ್ಲಿ ನೋಡಿ, ಇನ್ನೊಬ್ಬರಿಗೂ ತೋರಿಸಿ, ವರದಿಯಲ್ಲಿ ‘ನೆಗೆಟಿವ್’ ಎಂದಷ್ಟೇ ಬರೆಯದೆ ಅಂಕವನ್ನೂ ನಮೂದಿಸಿ ಎಂದಿತು. ಹಳೆಯ ವರದಿಗಳಲ್ಲಿ ಎಷ್ಟೋ ಕಡೆ ಆ ಅಂಕವೇ ಇಲ್ಲ. ಕ್ಯಾನ್ಸರ್ ಹಬ್ಬಿದೆ ಎಂದು ಮತ್ತೆ ಆಸ್ಪತ್ರೆಗೆ ಬರುವವರ ಬ್ಲಾಕ್ ಹುಡುಕಿಸಿ ವೈದ್ಯರು ಹೊಸದಾಗಿ ಬಣ್ಣ ಹಾಕಿಸುತ್ತಾರೆ. ಆದರೆ ಹಬ್ಬಿದ ಜಾಗದಿಂದಲೂ ಬಯಾಪ್ಸಿ ತೆಗೆಯಲು ಬಂದರೆ ಅದನ್ನೇ ಮೊದಲು ನೋಡುವುದು ಲೇಸು, ಏಕೆಂದರೆ ಹರ್-2 ಮಟ್ಟ ಗಡ್ಡೆಯಿಂದ ಗಡ್ಡೆಗೆ, ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಬ್ಲಾಕ್ ಎಲ್ಲಿದೆ, ಎಷ್ಟು ವರ್ಷ ಇಡುತ್ತಾರೆ ಎಂದು ಡಿಸ್ಚಾರ್ಜ್ ದಿನವೇ ಕೇಳಿ, ಲ್ಯಾಬ್ ನಂಬರನ್ನು ಫೈಲಿನ ಮೇಲೆ ಬರೆದಿಟ್ಟುಕೊಂಡಿದ್ದರೆ ಹುಡುಕಾಟ ಕಡಿಮೆಯಾಗುತ್ತದೆ.